ರಿಂಗ್ ಜಾಲಕ್ಕೆ ಫ್ಲೆಕ್ಸಿಬಲ್ ಟ್ರಾನ್ಸ್‌ಪಾಂಡರ್: ಶೇ. 35 ಹೆಚ್ಚು ಕೊಟ್ಟರೆ ಗಿಟ್ಟುತ್ತದೆಯೇ?

ಪ್ರಶ್ನೆ: ಬೆಂಗಳೂರಿನಿಂದ ಹೊರಟು ತುಮಕೂರು, ದಾವಣಗೆರೆ, ಹುಬ್ಬಳ್ಳಿ, ಅಲ್ಲಿಂದ ಅಂಕೋಲಾ ಮೇಲೆ ಕರಾವಳಿ ಹಿಡಿದು ಮಂಗಳೂರು, ಮತ್ತೆ ಶಿರಾಡಿ ಹತ್ತಿ ಹಾಸನ, ಬೆಂಗಳೂರು ಸೇರುವ ಒಂದು ಡಿಡಬ್ಲ್ಯುಡಿಎಂ (ಒಂದೇ ಫೈಬರಿನಲ್ಲಿ ಹಲವು ತರಂಗಗಳ ಬೆಳಕನ್ನು ಓಡಿಸುವ) ರಿಂಗ್ ಯೋಜಿಸುತ್ತಿದ್ದೇವೆ. ಫೈಬರ್ ಉದ್ದ ಕ್ರಮವಾಗಿ 80, 215, 170, 420, 190, 210 ಕಿ.ಮೀ. ಟ್ರಾಫಿಕ್ ಎಲ್ಲ ಬೆಂಗಳೂರಿಗೇ: ತುಮಕೂರು ಮತ್ತು ಹಾಸನ ತಲಾ 400 ಜಿ (ಸೆಕೆಂಡಿಗೆ ಗಿಗಾಬಿಟ್), ದಾವಣಗೆರೆ 600 ಜಿ, ಹುಬ್ಬಳ್ಳಿ ಮತ್ತು ಮಂಗಳೂರು ತಲಾ 800 ಜಿ. ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ಪೂರ್ತಿ ಸಾಮರ್ಥ್ಯ ಸಿಗಬೇಕು. ನಮಗೆ ಬಂದಿರುವ ದರದಲ್ಲಿ ಒಂದೇ ವೇಗದ (ಫಿಕ್ಸೆಡ್) 200 ಜಿ ಟ್ರಾನ್ಸ್‌ಪಾಂಡರ್, ಅಂದರೆ ಡೇಟಾವನ್ನು ಬೆಳಕಾಗಿಸಿ ಕಳಿಸುವ, ಪಡೆಯುವ ಕಾರ್ಡ್, ತುದಿಗೊಂದರಂತೆ ಜೋಡಿಗೆ 1 ಎಂದುಕೊಂಡರೆ ಫಿಕ್ಸೆಡ್ 100 ಜಿ ಜೋಡಿ 0.65, ಮತ್ತು 100ರಿಂದ 400 ಜಿವರೆಗೆ ವೇಗ ಬದಲಿಸಬಲ್ಲ ಫ್ಲೆಕ್ಸಿಬಲ್ ಜೋಡಿ 1.35. ಎಲ್ಲ ಕಡೆ ಫ್ಲೆಕ್ಸಿಬಲ್ ಹಾಕಿದರೆ ಉಳಿತಾಯ ಎಂದು ಮಾರಾಟಗಾರರು ಹೇಳುತ್ತಾರೆ. ನಿಜವೇ?

ಉತ್ತರ: ಎಲ್ಲ ಕಡೆ ಹಾಕಿದರೆ ಉಳಿತಾಯ ಇಲ್ಲವೆನ್ನುವಷ್ಟು ಕಡಿಮೆ. ಆಯ್ದ ದಾರಿಗಳಲ್ಲಿ ಹಾಕಿದರೆ ಶೇ. 8ರ ಆಸುಪಾಸು ಉಳಿಯುತ್ತದೆ. ಹಳೆಯ ಅಭ್ಯಾಸದ ಪ್ರಕಾರ 3 ಡಿಬಿ ಮಾರ್ಜಿನ್ (ಕನಿಷ್ಠ ಅಗತ್ಯಕ್ಕಿಂತ ಮೇಲೆ ಕಾದಿಡುವ ಸಂಕೇತ ಬಲ) ಇಟ್ಟುಕೊಂಡೇ ಎಲ್ಲ ಕಡೆ ಫ್ಲೆಕ್ಸಿಬಲ್ ಹಾಕಿದರೆ ದೊಡ್ಡ ನಷ್ಟ. ನಿಮ್ಮದೇ ಅಂಕಿಗಳಿಂದ ಇದನ್ನು ತೋರಿಸುತ್ತೇನೆ.

ಫ್ಲೆಕ್ಸಿಬಲ್ ಎಂದರೆ ಒಳಗೆ ನಡೆಯುವುದು ಇಷ್ಟು. ಅದೇ ಲೇಸರ್, ಸಂಕೇತ ಸಂಸ್ಕರಿಸುವ ಅದೇ ಡಿಎಸ್‌ಪಿ ಚಿಪ್, ಸೆಕೆಂಡಿಗೆ ಸುಮಾರು 60 ಗಿಗಾ ಚಿಹ್ನೆಗಳನ್ನು ಕಳಿಸುತ್ತಿರುತ್ತದೆ. ಎರಡು ಧ್ರುವೀಕರಣಗಳನ್ನೂ ಸೇರಿಸಿ ಪ್ರತಿ ಚಿಹ್ನೆಗೆ, ಬಿಟ್ ತುಂಬುವ ವಿಧಾನಕ್ಕೆ ತಕ್ಕಂತೆ, ಕ್ಯೂಪಿಎಸ್‌ಕೆಯಲ್ಲಿ 4 ಬಿಟ್, 8 ಕ್ವಾಮ್‌ನಲ್ಲಿ 6, 16 ಕ್ವಾಮ್‌ನಲ್ಲಿ 8. ದೋಷ ತಿದ್ದುವ ಹೆಚ್ಚುವರಿ ಬಿಟ್‌ಗಳನ್ನು ಕಳೆದರೆ 200, 300, 400 ಜಿ. 100 ಜಿ ಬೇಕಾದಾಗ ಕ್ಯೂಪಿಎಸ್‌ಕೆಯನ್ನೇ ಅರ್ಧ ವೇಗದಲ್ಲಿ, ಅಂದರೆ 30 ಗಿಗಾಬಾಡ್‌ನಲ್ಲಿ (ಸೆಕೆಂಡಿಗೆ 30 ಗಿಗಾ ಚಿಹ್ನೆ) ಓಡಿಸುತ್ತಾರೆ. ಬಿಟ್ ಹೆಚ್ಚಿದಷ್ಟೂ ಚಿಹ್ನೆಗಳನ್ನು ಸೂಚಿಸುವ ಚುಕ್ಕೆಗಳು ಒತ್ತೊತ್ತಾಗಿ ಕೂರುತ್ತವೆ, ಗದ್ದಲ ಸಹಿಸುವ ಶಕ್ತಿ ಇಳಿಯುತ್ತದೆ. ತಯಾರಕರು ಸೇರಿ ಮಾಡಿಕೊಂಡ ಓಪನ್‌ಝಡ್‌ಆರ್ ಪ್ಲಸ್ ಒಪ್ಪಂದದ ಪ್ರಕಾರ ರಿಸೀವರ್‌ಗೆ ಬೇಕಾದ ಕನಿಷ್ಠ ಓಎಸ್‌ಎನ್‌ಆರ್ (ಗದ್ದಲಕ್ಕೆ ಹೋಲಿಸಿ ಸಂಕೇತದ ಬಲ) 400 ಜಿಗೆ 24 ಡಿಬಿ, 300 ಜಿಗೆ 21, 200 ಜಿಗೆ 16, 100 ಜಿಗೆ 12.5. ಚಾಸಿಸ್‌ನಲ್ಲಿ ಕೂರುವ ದೊಡ್ಡ ಕಾರ್ಡ್‌ಗಳು ಇದಕ್ಕಿಂತ ಚೂರು ಮೇಲಾಗಿರಬಹುದು. ಆದರೂ ಬಹಿರಂಗವಾಗಿರುವ ಈ ಅಂಕಿಗಳನ್ನೇ ಹಿಡಿಯುವುದು ಕ್ಷೇಮ.

ಇನ್ನು ದಾರಿ. ನಿಮ್ಮ ಉದ್ದಗಳನ್ನು ಆಂಪ್ಲಿಫೈಯರ್ ಸ್ಪ್ಯಾನ್‌ಗಳಾಗಿ (ಒಂದು ಆಂಪ್ಲಿಫೈಯರಿನಿಂದ ಮುಂದಿನದರವರೆಗಿನ ತುಂಡು) ಒಡೆದರೆ ಬೆಂಗಳೂರು–ತುಮಕೂರು 1, ತುಮಕೂರು–ದಾವಣಗೆರೆ 3, ದಾವಣಗೆರೆ–ಹುಬ್ಬಳ್ಳಿ 2, ಹುಬ್ಬಳ್ಳಿ–ಮಂಗಳೂರು 6, ಮಂಗಳೂರು–ಹಾಸನ 3, ಹಾಸನ–ಬೆಂಗಳೂರು 3, ಒಟ್ಟು 18. ಹೆದ್ದಾರಿ ಪಕ್ಕದ, ಹಲವು ಸಲ ಕಡಿದು ಕೂಡಿಸಿದ ಕೇಬಲ್ ಎಂದು ಲೆಕ್ಕ ಹಾಕಿ ಸ್ಪ್ಯಾನಿಗೆ 22 ಡಿಬಿ ನಷ್ಟ ಹಿಡಿದಿದ್ದೇನೆ. ಆಂಪ್ಲಿಫೈಯರ್ ನಾಯ್ಸ್ ಫಿಗರ್ (ಅದು ಸೇರಿಸುವ ಗದ್ದಲದ ಅಳತೆ) 5.5, ಚಾನೆಲ್‌ಗೆ 0 ಡಿಬಿಎಂ, ಅಂದರೆ 1 ಮಿಲಿವ್ಯಾಟ್. ಎಲ್ಲರೂ ಬಳಸುವ ಸೂತ್ರ: 58ಕ್ಕೆ ಚಾನೆಲ್ ಪವರ್ ಕೂಡಿಸಿ, ಅದರಿಂದ ನಾಯ್ಸ್ ಫಿಗರ್, ಸ್ಪ್ಯಾನ್ ನಷ್ಟ ಮತ್ತು ಸ್ಪ್ಯಾನ್ ಸಂಖ್ಯೆಯ ಲಾಗ್‌ನ ಹತ್ತರಷ್ಟು ಕಳೆಯಿರಿ. ನಿಮ್ಮಲ್ಲಿ ಅದು 30.5ರಿಂದ ಕೊನೆಯ ಲಾಗ್ ಪದವನ್ನು ಕಳೆದಷ್ಟು. ದಾರಿಯಲ್ಲಿ ಹಾಯುವ ಪ್ರತಿ ರೋಡಮ್ (ಬೇಕಾದ ತರಂಗವನ್ನು ಇಳಿಸಿ, ಏರಿಸಿ, ಉಳಿದವನ್ನು ಮುಂದಕ್ಕೆ ಬಿಡುವ) ನಿಲ್ದಾಣವನ್ನೂ ಒಂದು ಹೆಚ್ಚುವರಿ ಸ್ಪ್ಯಾನ್ ಎಂದೇ ಎಣಿಸಿ. ಅದರೊಳಗಿನ ಎರಡು ತರಂಗ ಆಯ್ಕೆ ಸ್ವಿಚ್‌ಗಳ ನಷ್ಟವನ್ನೂ ಆಂಪ್ಲಿಫೈಯರೇ ತುಂಬಬೇಕಲ್ಲ.

ರೂಢಿಯ 3 ಡಿಬಿ ಮಾರ್ಜಿನ್ ಇಟ್ಟರೆ ಸೂತ್ರ ಕೊಡುವ ಮಿತಿ ಹೀಗೆ: 400 ಜಿ 2 ಸ್ಪ್ಯಾನ್‌ವರೆಗೆ, 300 ಜಿ 4, 200 ಜಿ 14, 100 ಜಿ 31. ಅದೇ ಮಾರ್ಜಿನ್ ಅನ್ನು 1 ಡಿಬಿಗೆ ಇಳಿಸಿದರೆ 3, 7, 22, 50. ಇಡೀ ಉತ್ತರ ನಿಂತಿರುವುದು ಈ ಎರಡು ಸಾಲುಗಳ ನಡುವಿನ ಅಂತರದ ಮೇಲೆ, ಆದ್ದರಿಂದ ಇವನ್ನು ಕೈಯಾರೆ ಒಮ್ಮೆ ಲೆಕ್ಕ ಹಾಕಿ ನೋಡಿ.

ನಿಮ್ಮ ರಿಂಗಿನಲ್ಲಿ ಪ್ರತಿ ಊರಿಗೂ ಬೆಂಗಳೂರಿನಿಂದ ಒಂದು ನೇರ ದಾರಿ, ಒಂದು ಬಳಸು ದಾರಿ. ರೋಡಮ್‌ಗಳನ್ನೂ ಸೇರಿಸಿ ಎಣಿಸಿದರೆ:

ತುಮಕೂರು: ನೇರ 1, ಬಳಸು 21
ದಾವಣಗೆರೆ: ನೇರ 5, ಬಳಸು 17
ಹುಬ್ಬಳ್ಳಿ: ನೇರ 8, ಬಳಸು 14
ಮಂಗಳೂರು: ನೇರ 7, ಬಳಸು 15
ಹಾಸನ: ನೇರ 3, ಬಳಸು 19

ಬೆಂಗಳೂರಿಗೆ ಅತಿ ಹತ್ತಿರದ ತುಮಕೂರಿಗೇ ಅತಿ ಉದ್ದದ ಬಳಸು ದಾರಿ. ರಿಂಗ್ ಎಂದರೆ ಹಾಗೆಯೇ, ಆದರೂ "ಪ್ರಾದೇಶಿಕ ಜಾಲದಲ್ಲಿ ದಾರಿಗಳೆಲ್ಲ ಚಿಕ್ಕವು, ಎಲ್ಲ ಕಡೆ 400 ಜಿ ಓಡುತ್ತದೆ" ಎಂದು ಹೇಳುವವರು ಇದನ್ನು ಮರೆತಿರುತ್ತಾರೆ. ನಿಮ್ಮ ಟ್ರಾನ್ಸ್‌ಪಾಂಡರ್‌ಗಳಲ್ಲಿ ಅರ್ಧ ಬಳಸು ದಾರಿಗೆ ಹೋಗುತ್ತವೆ, ಅಲ್ಲಿ ಯಾವ ಕಾರ್ಡ್ ತಂದರೂ 400 ಜಿ ಸಿಗದು. ಇಲ್ಲಿ ಇನ್ನೊಂದು ಮಾತು. ಎರಡು ದಾರಿಗೂ ಬೇರೆ ಬೇರೆ ಟ್ರಾನ್ಸ್‌ಪಾಂಡರ್ ಇಟ್ಟು ರೌಟರ್ ಮಟ್ಟದಲ್ಲಿ ಬದಲಾಯಿಸುತ್ತೀರಿ ಎಂದು ಹಿಡಿದಿದ್ದೇನೆ. ದುಡ್ಡು ಉಳಿಸಲು ಒಂದೇ ಟ್ರಾನ್ಸ್‌ಪಾಂಡರ್‌ನ ಮುಂದೆ ಆಪ್ಟಿಕಲ್ ಸ್ವಿಚ್ ಕೂರಿಸಿದರೆ, ಎರಡು ದಾರಿಗಳಲ್ಲಿ ಕೆಟ್ಟದ್ದು ಯಾವುದೋ ಅದರ ವೇಗವೇ ಎರಡಕ್ಕೂ ಆಗುತ್ತದೆ. 3 ಡಿಬಿ ಮಾರ್ಜಿನ್‌ನಲ್ಲಿ ತುಮಕೂರಿನ ಒಂದು ಸ್ಪ್ಯಾನ್ ದಾರಿಯಲ್ಲೂ ಆಗ 100 ಜಿ.

ಈಗ ಬೆಲೆ. ಮೊದಲು 3 ಡಿಬಿ ಮಾರ್ಜಿನ್‌ನ ಫಿಕ್ಸೆಡ್ ವಿನ್ಯಾಸ. ನೇರ ದಾರಿಗಳಿಗೆಲ್ಲ 200 ಜಿ: 2, 3, 4, 4, 2 ಸೇರಿ 15 ಜೋಡಿ. ಬಳಸು ದಾರಿಯಲ್ಲಿ ಹುಬ್ಬಳ್ಳಿಗೆ ಮಾತ್ರ 200 ಜಿ ಮುಟ್ಟುತ್ತದೆ, ಅದು 4 ಜೋಡಿ. ಉಳಿದ ನಾಲ್ಕು ಊರಿಗೆ 100 ಜಿ: 4, 6, 8, 4 ಸೇರಿ 22. ಒಟ್ಟು 41 ಜೋಡಿ, ಬೆಲೆ 15 + 4 + 14.3 = 33.3.

ಅದೇ 3 ಡಿಬಿಯಲ್ಲಿ ಎಲ್ಲ ಕಡೆ ಫ್ಲೆಕ್ಸಿಬಲ್ ಹಾಕಿದರೆ? ತುಮಕೂರಿನ ನೇರ ದಾರಿಯಲ್ಲಿ 2ರ ಬದಲು 1 ಜೋಡಿ ಸಾಕು. ಅಷ್ಟೇ. ಹಾಸನಕ್ಕೆ 300 ಜಿ ಸಿಕ್ಕರೂ 400 ಜಿ ಬೇಡಿಕೆಗೆ 2 ಜೋಡಿಯೇ ಬೇಕು. ಒಟ್ಟು 40 ಜೋಡಿ, 40 × 1.35 = 54. ಒಂದು ಜೋಡಿ ಉಳಿಸಲು 20ಕ್ಕೂ ಹೆಚ್ಚು ದಂಡ. ಹಳೆಯ ಮಾರ್ಜಿನ್ ನಿಯಮ ಬಿಡದೆ ಹೊಸ ಕಾರ್ಡ್ ಕೊಳ್ಳುವುದೆಂದರೆ ಗೇರ್ ಇರುವ ಗಾಡಿ ತಂದು ಒಂದನೇ ಗೇರಿನಲ್ಲೇ ಓಡಿಸಿದ ಹಾಗೆ.

ಆ 3 ಡಿಬಿ ಎಲ್ಲಿಂದ ಬಂತು ಎಂದು ನೋಡೋಣ. ಅರ್ಧ ಡಿಬಿ ಫೈಬರಿನ ಅರೇಖೀಯ ಪರಿಣಾಮಕ್ಕೆ (ಬೆಳಕು ಜೋರಾದಷ್ಟೂ ಫೈಬರೇ ಸಂಕೇತ ಕೆಡಿಸುವುದು), ಅರ್ಧ ಡಿಬಿ ಆಂಪ್ಲಿಫೈಯರ್ ಏರಿಳಿತ ಮತ್ತು ಫಿಲ್ಟರ್ ಕಿರಿದಾಗುವಿಕೆಗೆ. ಈ ಎರಡು ಮೊದಲ ದಿನದಿಂದಲೇ ಇರುವಂಥವು, ಬಿಡುವಂತಿಲ್ಲ. ಉಳಿದ 2 ಡಿಬಿ ಮುಂದಿನ ಹತ್ತು ವರ್ಷಗಳ ಸವೆತ ಮತ್ತು ರಿಪೇರಿಗೆ. ಕಡಿದ ಕಡೆ ಒಂದು ತುಂಡು ಸೇರಿಸಿದರೆ ಎರಡು ಜೋಡಣೆ. ಒಳ್ಳೆಯ ಫ್ಯೂಷನ್ ಜೋಡಣೆಯೂ 0.05ರಿಂದ 0.1 ಡಿಬಿ ತಿನ್ನುತ್ತದೆ, ಮಳೆಯಲ್ಲಿ ರಸ್ತೆ ಬದಿಯಲ್ಲಿ ಕೂತು ಮಾಡಿದ್ದು ಇನ್ನೂ ಹೆಚ್ಚು. ಹೆದ್ದಾರಿ ಅಗಲೀಕರಣ ನಡೆಯುವ ಒಂದು ಸ್ಪ್ಯಾನಿನಲ್ಲಿ ಹತ್ತು ಕಡಿತವಾದರೆ 1ರಿಂದ 2 ಡಿಬಿ ಹೋಯಿತು. ಶಿರಾಡಿಯಲ್ಲಿ ಗುಡ್ಡ ಕುಸಿಯುವ ವರ್ಷ ಏನಾಗುತ್ತದೆ ಎಂದು ಹೇಳಬೇಕಿಲ್ಲ.

ಫಿಕ್ಸೆಡ್ ಟ್ರಾನ್ಸ್‌ಪಾಂಡರ್ ಇದ್ದಾಗ ಆ 2 ಡಿಬಿಯನ್ನು ಮೊದಲ ದಿನವೇ ಕಟ್ಟಿಡಬೇಕು, ಏಕೆಂದರೆ ಮಿತಿ ದಾಟಿದ ದಿನ ಲಿಂಕ್ ಪೂರ್ತಿ ಸಾಯುತ್ತದೆ. ಫ್ಲೆಕ್ಸಿಬಲ್ ಇದ್ದರೆ ಅದು ಒಂದು ಮೆಟ್ಟಿಲು ಇಳಿಯುತ್ತದೆ, ಸಾಯುವುದಿಲ್ಲ. ಹೆಚ್ಚುವರಿ 0.35 ಬೆಲೆ ಕೊಟ್ಟು ನೀವು ನಿಜವಾಗಿ ಕೊಳ್ಳುತ್ತಿರುವುದು ಕಡಿಮೆ ಮಾರ್ಜಿನ್‌ನಲ್ಲಿ ಓಡಿಸುವ ಧೈರ್ಯವನ್ನು.

ಹಾಗಾಗಿ ಸರಿಯಾದ ಹೋಲಿಕೆ 3 ಡಿಬಿಯ ಫಿಕ್ಸೆಡ್‌ಗೂ 1 ಡಿಬಿಯ ಫ್ಲೆಕ್ಸಿಬಲ್‌ಗೂ. 1 ಡಿಬಿಯಲ್ಲಿ ನೇರ ದಾರಿಗಳು: ತುಮಕೂರು 400, ಹಾಸನ 400, ದಾವಣಗೆರೆ 300, ಮಂಗಳೂರು 300, ಹುಬ್ಬಳ್ಳಿ 200. ಜೋಡಿಗಳು 1, 1, 2, 3, 4 ಸೇರಿ 11. ಬಳಸು ದಾರಿಗಳೆಲ್ಲ 200 ಜಿ ಮುಟ್ಟುತ್ತವೆ. ತುಮಕೂರಿನ 21 ಸ್ಪ್ಯಾನ್‌ಗೂ 17.3 ಡಿಬಿ ಸಿಗುತ್ತದೆ, ಬೇಕಾದದ್ದು 17. ಜೋಡಿಗಳು 15. ಒಟ್ಟು 26 ಜೋಡಿ, ಬೆಲೆ 35.1.

41 ಜೋಡಿ 26ಕ್ಕೆ ಇಳಿದರೂ ಬೆಲೆ 33.3ರಿಂದ 35.1ಕ್ಕೆ ಏರಿತು! ಆದರೆ ಕಾರ್ಡಿನ ಬೆಲೆಯಷ್ಟೇ ಲೆಕ್ಕವಲ್ಲ. ಪ್ರತಿ ಜೋಡಿಗೆ ಎರಡು ತುದಿಯಲ್ಲಿ ಸ್ಲಾಟ್, ಕರೆಂಟು, ತಂಪು, ಪ್ಯಾಚ್ ಕಾರ್ಡ್ ಬೇಕು; ಇದಕ್ಕೆ ಜೋಡಿಗೆ 0.1 ಹಿಡಿಯುತ್ತೇನೆ. ಕರೆಂಟನ್ನು ಹಗುರವಾಗಿ ಎಣಿಸಬೇಡಿ: ವರ್ಷವಿಡೀ ಉರಿಯುವ 1 ವ್ಯಾಟ್ ಎಂದರೆ 8.76 ಯೂನಿಟ್, ತಂಪಿಗಾಗಿ ಒಂದೂವರೆ ಪಟ್ಟು ಮಾಡಿದರೆ ಸುಮಾರು 13. ಯೂನಿಟ್ಟಿಗೆ 8 ರೂಪಾಯಿಯಾದರೆ ವ್ಯಾಟಿಗೆ ವರ್ಷಕ್ಕೆ 105 ರೂಪಾಯಿ. ನಿಮ್ಮ ಕಾರ್ಡಿನ ವ್ಯಾಟ್ ಗುಣಿಸಿ ನನ್ನ 0.1ನ್ನು ತಿದ್ದಿಕೊಳ್ಳಿ.

ಆಮೇಲೆ ಸ್ಪೇರ್. ಫಿಕ್ಸೆಡ್ ವಿನ್ಯಾಸದಲ್ಲಿ ಎರಡು ಜಾತಿಯ ಕಾರ್ಡ್, ಆರು ಊರು. ಪ್ರತಿ ಊರಲ್ಲಿ ಪ್ರತಿ ಜಾತಿಗೊಂದು ಎಂದರೆ 6 × (0.5 + 0.325) = 4.95. ಫ್ಲೆಕ್ಸಿಬಲ್ ಆದರೆ ಊರಿಗೆ ಒಂದೇ ಸಾಕು: 6 × 0.675 = 4.05. ಬೆಂಗಳೂರಿನಿಂದ ಮಂಗಳೂರಿಗೆ ರಾತ್ರಿ ಸ್ಪೇರ್ ಹೊತ್ತು ಹೋಗುವ ಕಾರಿನ ಬಾಡಿಗೆ ಇದರಲ್ಲಿ ಸೇರಿಲ್ಲ.

ಎಲ್ಲ ಸೇರಿಸಿದರೆ ಫಿಕ್ಸೆಡ್ 33.3 + 4.1 + 4.95 = 42.35. ಪೂರ್ತಿ ಫ್ಲೆಕ್ಸಿಬಲ್ 35.1 + 2.6 + 4.05 = 41.75. ವ್ಯತ್ಯಾಸ ಶೇ. 1.4. ನನ್ನ ಊಹೆಗಳ ತಪ್ಪೇ ಅದಕ್ಕಿಂತ ಹೆಚ್ಚಿರಬಹುದು, ಹಾಗಾಗಿ ಇದನ್ನು ಉಳಿತಾಯ ಎಂದು ಮ್ಯಾನೇಜ್‌ಮೆಂಟ್ ಮುಂದೆ ಇಡಬೇಡಿ. ಈ ಲೆಕ್ಕವನ್ನೇ ತಿರುಗಿಸಿದರೆ ಚೌಕಾಸಿಗೆ ಒಂದು ಅಂಕಿ ಸಿಗುತ್ತದೆ: ಎರಡೂ ಸಮವಾಗುವ ಬೆಲೆ ಅನುಪಾತ 1.37. ನಿಮಗೆ ಬಂದ ದರ 1.35, ಮಾರಾಟಗಾರರಿಗೂ ಲೆಕ್ಕ ಬರುತ್ತದೆ ಅನ್ನಿ. 1.2ಕ್ಕೆ ಇಳಿಸಿದರೆ ಒಟ್ಟು 37.4, ಅಂದರೆ ಶೇ. 11ಕ್ಕಿಂತ ಹೆಚ್ಚು ಉಳಿತಾಯ. 1.5 ಆದರೆ 46.1, ಶೇ. 9ರಷ್ಟು ನಷ್ಟ.

ಈಗ ದಾರಿ ದಾರಿಗೆ ಬೇರೆಯಾಗಿ ನೋಡಿ. ಹುಬ್ಬಳ್ಳಿಯ ನೇರ ದಾರಿಗೆ 1 ಡಿಬಿಯಲ್ಲೂ 200 ಜಿ ಮಾತ್ರ. 300ಕ್ಕೆ 22 ಡಿಬಿ ಬೇಕು, ಸಿಗುವುದು 21.5. ಪವರ್ ಅನ್ನು 1 ಡಿಬಿಎಂಗೆ ಏರಿಸಿ, ಅಥವಾ ಒಂದು ಕೆಟ್ಟ ಸ್ಪ್ಯಾನಿಗೆ ರಾಮನ್ ಆಂಪ್ಲಿಫೈಯರ್ (ಫೈಬರಿನೊಳಗೇ ಸಂಕೇತ ಬಲಪಡಿಸುವಂಥದ್ದು) ಹಾಕಿ ಆ ಅರ್ಧ ಡಿಬಿ ಗೆಲ್ಲೋಣ ಎಂದು ಆಸೆಯಾಗುತ್ತದೆ. ಗೆದ್ದರೆ ಸಿಗುವುದೇನು? 800 ಜಿಗೆ 3 ಜೋಡಿ, ಬೆಲೆ 4.05, ಫಿಕ್ಸೆಡ್ 4 ಜೋಡಿಯ ಬೆಲೆ 4. ಏನೂ ಇಲ್ಲ. ಬೇಡಿಕೆ 900 ಜಿ ಇದ್ದಿದ್ದರೆ ಅದೇ 3 ಜೋಡಿ 4.05, ಎದುರಿಗೆ ಫಿಕ್ಸೆಡ್ 5. ಪೂರ್ಣಾಂಕಗಳ ಈ ಆಟವನ್ನು ಸರಾಸರಿಯ ಲೆಕ್ಕ ಪೂರ್ತಿ ಮುಚ್ಚಿಹಾಕುತ್ತದೆ. ಆದ್ದರಿಂದ "ಬಿಟ್ಟಿಗೆ ಇಷ್ಟು ಬೆಲೆ" ಎಂಬ ಸ್ಲೈಡ್ ನೋಡಿ ತೀರ್ಮಾನ ಮಾಡಬೇಡಿ; ಪ್ರತಿ ದಾರಿಗೂ ಬೇಡಿಕೆಯನ್ನು ವೇಗದಿಂದ ಭಾಗಿಸಿ, ಮೇಲಿನ ಪೂರ್ಣಾಂಕಕ್ಕೆ ಏರಿಸಿ, ಬೆಲೆಯಿಂದ ಗುಣಿಸಿ.

ಮಂಗಳೂರಿನ ನೇರ ದಾರಿಯೂ ಹಾಗೆಯೇ. 300 ಜಿ ಮುಟ್ಟುತ್ತದೆ, ಆದರೆ ಕೂದಲೆಳೆಯಲ್ಲಿ, ಬೆಲೆ 4.05, ಫಿಕ್ಸೆಡ್ ಆದರೆ 4. ಅಲ್ಲಿ ಫಿಕ್ಸೆಡ್ 200 ಹಾಕಿದರೆ ಮಿತಿಗಿಂತ 6 ಡಿಬಿ ಮೇಲಿರುತ್ತೀರಿ, ನೆಮ್ಮದಿ.

ನನ್ನ ಆಯ್ಕೆ ಹೀಗೆ. ತುಮಕೂರು, ಹಾಸನ, ದಾವಣಗೆರೆಯ ನೇರ ದಾರಿಗಳಿಗೆ ಫ್ಲೆಕ್ಸಿಬಲ್, 1 + 1 + 2 ಜೋಡಿ. ತುಮಕೂರು, ದಾವಣಗೆರೆ, ಮಂಗಳೂರು, ಹಾಸನದ ಬಳಸು ದಾರಿಗಳಿಗೂ ಫ್ಲೆಕ್ಸಿಬಲ್, 200 ಜಿಯಲ್ಲಿ, 11 ಜೋಡಿ. ಹುಬ್ಬಳ್ಳಿಗೆ ಎರಡೂ ಕಡೆ ಮತ್ತು ಮಂಗಳೂರಿನ ನೇರ ದಾರಿಗೆ ಫಿಕ್ಸೆಡ್ 200 ಜಿ, 12 ಜೋಡಿ. ಬೆಲೆ 20.25 + 12 = 32.25, ಸ್ಲಾಟ್ 2.7, ಸ್ಪೇರ್ 4.05, ಒಟ್ಟು 39. 42.35ಕ್ಕೆ ಹೋಲಿಸಿದರೆ ಶೇ. 8ರಷ್ಟು ಕಡಿಮೆ. ಬೇಡಿಕೆ ಎಲ್ಲ ಕಡೆ ದುಪ್ಪಟ್ಟಾದರೂ ಇದೇ ವಿನ್ಯಾಸ ಶೇ. 7ಕ್ಕಿಂತ ಸ್ವಲ್ಪ ಹೆಚ್ಚು ಉಳಿಸುತ್ತದೆ, ನಾನು ಪರೀಕ್ಷಿಸಿದ್ದೇನೆ.

ಸ್ಪೇರ್ ಲೆಕ್ಕ ನಿಲ್ಲಬೇಕಾದರೆ ಒಂದು ಷರತ್ತು: ಫ್ಲೆಕ್ಸಿಬಲ್ ಕಾರ್ಡ್ 200 ಜಿಯಲ್ಲಿ ಎದುರಿನ ಫಿಕ್ಸೆಡ್ ಕಾರ್ಡಿನೊಡನೆ ಮಾತಾಡಬೇಕು. ಎರಡರ ದೋಷ ತಿದ್ದುವ ಕೋಡ್ ಒಂದೇ ಆಗಿರಬೇಕು. ಒಂದೇ ಕಂಪನಿಯದು ಎಂಬ ಕಾರಣಕ್ಕೆ ಒಂದೇ ಇರುತ್ತದೆ ಎಂದು ನಂಬಬೇಡಿ, ಬರಹದಲ್ಲಿ ಕೇಳಿ.

ಚುರುಕಾದ ಓದುಗರು ಇಷ್ಟರಲ್ಲಿ ಒಂದು ಪ್ರಶ್ನೆ ಎತ್ತಿರುತ್ತಾರೆ: ಮಾರ್ಜಿನ್ ಇಳಿಸುವುದೇ ಆದರೆ ಫಿಕ್ಸೆಡ್ 200 ಜಿಯನ್ನೇ 1 ಡಿಬಿಯಲ್ಲಿ ಎಲ್ಲ ಕಡೆ ಹಾಕಬಾರದೇಕೆ? 30 ಜೋಡಿ, ಒಂದೇ ಜಾತಿ ಸ್ಪೇರ್, ಒಟ್ಟು 36. ಕಾಗದದ ಮೇಲೆ ಇದೇ ಅಗ್ಗ. ತೊಂದರೆ ಆ 11 ಬಳಸು ದಾರಿ ಜೋಡಿಗಳಲ್ಲಿದೆ. ಅವು ಮಿತಿಗಿಂತ ಒಂದು ಡಿಬಿ ಚಿಲ್ಲರೆಯಿಂದ ಎರಡು ಡಿಬಿ ಚಿಲ್ಲರೆಯವರೆಗೆ ಮಾತ್ರ ಮೇಲಿವೆ, ಅದರಲ್ಲೇ ಒಂದು ಡಿಬಿ ಆಗಲೇ ಖರ್ಚಾದದ್ದು. ಅಂಕೋಲಾ ಕಡೆ ಒಂದು ವರ್ಷದ ರಸ್ತೆ ಕೆಲಸ ಸಾಕು. ನೇರ ದಾರಿ ಕಡಿದು ಬಳಸು ದಾರಿ ಬೇಕೆನ್ನುವ ದಿನವೇ ಅದು ಏಳುವುದಿಲ್ಲ. ಫ್ಲೆಕ್ಸಿಬಲ್ ಅಲ್ಲಿ 100 ಜಿಗೆ ಇಳಿದು 3.5 ಡಿಬಿ ಗಳಿಸಿ ನಿಲ್ಲುತ್ತದೆ. 11 × 0.35 = 3.85 ಎಂಬುದು ಆ ವಿಮೆಯ ಕಂತು. ನಿಮ್ಮ ಫೈಬರ್ ಹೊಸದಾಗಿದ್ದು ನೆಲದಡಿ ಡಕ್ಟಿನಲ್ಲಿದ್ದರೆ ಕಂತು ಕಟ್ಟದೆ ಇರಬಹುದು. ಹೆದ್ದಾರಿ ಅಂಚಿನ ಕೇಬಲ್‌ಗೆ ನಾನು ಕಟ್ಟುತ್ತೇನೆ.

ಇಳಿದ ಮೇಲೆ ಸಾಮರ್ಥ್ಯ ಕೊರತೆಯಾಗುತ್ತದೆ ಎಂಬುದನ್ನು ಬಚ್ಚಿಡಬಾರದು. ತುಮಕೂರಿನ ಬಳಸು ದಾರಿಯ ಎರಡು ಜೋಡಿ 100 ಜಿಗೆ ಇಳಿದರೆ 400ರ ಬದಲು 200 ಜಿ. ಆಗ ಇನ್ನೆರಡು ಜೋಡಿ ಕೊಳ್ಳಬೇಕು. ಲಾಭ ಇರುವುದು ಅದನ್ನು ಇವತ್ತೇ ಕೊಳ್ಳದಿರುವುದರಲ್ಲಿ. ಬಡ್ಡಿ ಶೇ. 10, ಕಾರ್ಡಿನ ಬೆಲೆ ವರ್ಷಕ್ಕೆ ಶೇ. 10 ಇಳಿಕೆ ಎಂದು ಹಿಡಿದರೆ ಮೂರು ವರ್ಷದ ನಂತರ ಕೊಳ್ಳುವ ಜೋಡಿ ಇಂದಿನ ಹಣದಲ್ಲಿ ಶೇ. 55ಕ್ಕೆ ಬೀಳುತ್ತದೆ. ಎಷ್ಟೋ ದಾರಿಗಳಲ್ಲಿ ಕೊಳ್ಳುವ ಪ್ರಸಂಗವೇ ಬರದು.

ಸ್ಪೆಕ್ಟ್ರಮ್ ಉಳಿಯುತ್ತದೆ ಎಂಬ ವಾದವನ್ನು ನಾನು ಲೆಕ್ಕಕ್ಕೆ ತಂದೇ ಇಲ್ಲ, ಬೇಕೆಂದೇ. ಬೆಂಗಳೂರು–ತುಮಕೂರು ಭಾಗದಲ್ಲಿ ಫಿಕ್ಸೆಡ್ ವಿನ್ಯಾಸ ತುಂಬುವುದು 200 ಜಿಯ 9 ಚಾನೆಲ್ ತಲಾ 75 ಗಿಗಾಹರ್ಟ್ಸ್, 100 ಜಿಯ 12 ಚಾನೆಲ್ ತಲಾ 50, ಒಟ್ಟು 1,275. ಈ ಚಾನೆಲ್‌ಗಳು ಓಡುವ ಸಿ ಬ್ಯಾಂಡಿನಲ್ಲಿ ಇರುವುದು ಸುಮಾರು 4,800. ಬೇಡಿಕೆ ದುಪ್ಪಟ್ಟಾದರೂ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತುಂಬಿರುತ್ತದೆ. ಖಾಲಿ ಇರುವ ಮನೆಯಲ್ಲಿ ಜಾಗ ಉಳಿಸಲು ದುಡ್ಡು ಕೊಡುವವರುಂಟೇ? ಫೈಬರ್ ಬಾಡಿಗೆ ದುಬಾರಿಯಾಗಿ ಎರಡನೇ ಜೋಡಿ ಫೈಬರ್ ಸಿಗದ ನಗರದೊಳಗಿನ ಜಾಲಕ್ಕೆ ಆ ವಾದ ಬೇರೆ.

ಲೈನ್ ವ್ಯವಸ್ಥೆ ಹೊಸದೋ ಹಳೆಯದೋ ಎಂದು ನೀವು ಬರೆದಿಲ್ಲ. ಹಳೆಯ 50 ಗಿಗಾಹರ್ಟ್ಸ್ ಗ್ರಿಡ್ (ಪ್ರತಿ ಚಾನೆಲ್‌ಗೆ ಅಷ್ಟೇ ಜಾಗ) ಆಗಿದ್ದರೆ ಮೇಲಿನ ಲೆಕ್ಕವೆಲ್ಲ ಬದಿಗಿಡಿ. 60 ಗಿಗಾಬಾಡ್ ಸಂಕೇತ ಆ ಫಿಲ್ಟರಿನಲ್ಲಿ ನುಗ್ಗುವುದಿಲ್ಲ, ಅಲ್ಲಿ 32 ಗಿಗಾಬಾಡ್‌ನ 100, 150, 200 ಜಿ ಮಾತ್ರ. 12.5 ಗಿಗಾಹರ್ಟ್ಸ್ ಹೆಜ್ಜೆಯ ಫ್ಲೆಕ್ಸ್ ಗ್ರಿಡ್‌ಗಾಗಿ ರೋಡಮ್ ಬದಲಿಸುವ ಖರ್ಚನ್ನು ಟ್ರಾನ್ಸ್‌ಪಾಂಡರ್ ಉಳಿತಾಯ ಎಂದೂ ತುಂಬಿಕೊಡದು. ಹಳೆಯ 10 ಜಿ ಚಾನೆಲ್‌ಗಳಿಗೆಂದು ಹಾಕಿದ, ಡಿಸ್ಪರ್ಷನ್ (ಫೈಬರಿನಲ್ಲಿ ಬೆಳಕಿನ ಮಿಡಿತ ಹರಡುವುದು) ಸರಿದೂಗಿಸುವ ಸುರುಳಿಗಳಿದ್ದು ಆ ಚಾನೆಲ್‌ಗಳು ಈಗ ಓಡದಿದ್ದರೆ ತೆಗೆದುಬಿಡಿ; ಈ ಕಾರ್ಡ್‌ಗಳ ಕೊಹೆರೆಂಟ್ ರಿಸೀವರ್‌ಗೆ ಅವು ಬೇಡ, ನಷ್ಟ ಮಾತ್ರ ಸೇರಿಸುತ್ತವೆ. 10 ಜಿ ಚಾನೆಲ್ ಇನ್ನೂ ಓಡುತ್ತಿದ್ದರೆ ಪಕ್ಕದಲ್ಲಿ ಖಾಲಿ ಪಟ್ಟಿ ಬಿಡಿ, ಅದರ ಆನ್-ಆಫ್ ಬಡಿತ ನೆರೆಯ ಚಾನೆಲ್‌ನ ಫೇಸ್ ಅನ್ನು ಅಲುಗಾಡಿಸುತ್ತದೆ.

ಡಿಸ್ಪರ್ಷನ್ ಮಿತಿಯನ್ನೂ ನೋಡಿ. ನಿಮ್ಮ ಪೂರ್ತಿ ರಿಂಗ್ 1,285 ಕಿ.ಮೀ., ಕಿಲೋಮೀಟರಿಗೆ 17ರಂತೆ 21,800 ಪಿಕೋಸೆಕೆಂಡ್ ಪ್ರತಿ ನ್ಯಾನೋಮೀಟರ್. ಮಿತಿ ವೇಗಕ್ಕೆ ತಕ್ಕಂತೆ ಬದಲಾಗುತ್ತದೆ, ಡೇಟಾಶೀಟಿನ ಮೊದಲ ಪುಟದ ಒಂದು ಸಂಖ್ಯೆ ಸಾಲದು.

ಕ್ಲೈಂಟ್ ಬದಿಯಲ್ಲಿ, ಅಂದರೆ ಕಾರ್ಡನ್ನು ರೌಟರಿಗೆ ಕಟ್ಟುವ ಕಡೆ, ಹೆಚ್ಚಿನವರು ಮುಗ್ಗರಿಸುವ ಜಾಗವೊಂದಿದೆ. 400 ಜಿ ಲೈನಿಗೆ ಒಂದೇ 400 ಜಿ ಈಥರ್ನೆಟ್ ಪೋರ್ಟ್ ಕಟ್ಟಿದರೆ, ಲೈನ್ 300ಕ್ಕೆ ಇಳಿದ ಕ್ಷಣ ಆ ಪೋರ್ಟ್ ಪೂರ್ತಿ ಸಾಯುತ್ತದೆ. ಮುಕ್ಕಾಲು ಪಾಲು ಓಡಿಸುವ ಉಪಾಯ ಅದಕ್ಕಿಲ್ಲ. ಕೊಟ್ಟ ವಿಮೆ ಕಂತೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಆದ್ದರಿಂದ ಫ್ಲೆಕ್ಸಿಬಲ್ ಜೋಡಿಗಳ ಕ್ಲೈಂಟ್ ಬದಿ 100 ಜಿ ಪೋರ್ಟ್‌ಗಳೇ ಇರಲಿ, ರೌಟರಿನಲ್ಲಿ ಅವನ್ನು ಒಂದು ಲಿಂಕ್ ಗುಂಪಾಗಿ ಕಟ್ಟಿ. ಇಳಿದಾಗ ಯಾವ ಪೋರ್ಟ್ ಮೊದಲು ಬೀಳಬೇಕು, ಗುಂಪಿನಲ್ಲಿ ಕನಿಷ್ಠ ಎಷ್ಟು ಉಳಿದರೆ ದಾರಿ ಜೀವಂತ ಎಂದು ಮೊದಲೇ ಬರೆದಿಡಿ. 150 ಅಥವಾ 250 ಜಿ ವೇಗಗಳನ್ನು ಯಾರಾದರೂ ತೋರಿಸಿದರೆ ಕೇಳಿ: ಆ 50 ಜಿಯನ್ನು ಯಾವ ಪೋರ್ಟಿನಲ್ಲಿ ತುಂಬಲಿ? ಎರಡು ತರಂಗಗಳನ್ನು ಜೋಡಿಸಿ 3 × 100 ಅಥವಾ 5 × 100 ಹೊರಿಸುವ ಸೌಲಭ್ಯ ಕಾರ್ಡಿನಲ್ಲಿ ಇಲ್ಲದಿದ್ದರೆ ಆ ವೇಗ ಬರಿ ಕಾಗದದ್ದು.

ವೇಗ ಬದಲಾವಣೆ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುವುದಿಲ್ಲ. ಸಾಮಾನ್ಯ ಕಾರ್ಡ್‌ಗಳು ಲೇಸರ್ ಆರಿಸಿ, ಡಿಎಸ್‌ಪಿ ಮತ್ತೆ ತುಂಬಿ ಏಳಲು ಒಂದು ನಿಮಿಷದ ಆಸುಪಾಸು ತೆಗೆದುಕೊಳ್ಳುತ್ತವೆ. ಎರಡು ತುದಿಯನ್ನೂ ಒಟ್ಟಿಗೆ ಬದಲಿಸಬೇಕು; ದೂರದ ತುದಿಯನ್ನು ಮೊದಲು ಬದಲಿಸಿ. ಹತ್ತಿರದ್ದನ್ನು ಮೊದಲು ಬದಲಿಸಿದಾಗ ದೂರದ ಕಾರ್ಡಿಗೆ ಹೋಗುವ ನಿರ್ವಹಣಾ ದಾರಿ ಅದೇ ತರಂಗದ ಮೇಲಿದ್ದರೆ, ನೀವು ಕೂತ ಕೊಂಬೆಯನ್ನೇ ಕಡಿದಿರಿ. ನಿರ್ವಹಣೆ ಬೇರೆ ಚಾನೆಲ್‌ನಲ್ಲಿರಲಿ.

ಪವರ್ ಹೊಂದಿಸುವುದರಲ್ಲಿ ಇನ್ನೊಂದು ಗುಂಡಿ. ಕಾರ್ಡನ್ನು 30 ಗಿಗಾಬಾಡ್‌ನಿಂದ 60ಕ್ಕೆ ಬದಲಿಸಿದಾಗ ರೋಡಮ್ ಅದೇ ಒಟ್ಟು ಪವರ್ ಕೊಟ್ಟರೆ ಪ್ರತಿ ಗಿಗಾಹರ್ಟ್ಸ್‌ಗೆ ಸಿಗುವುದು 3 ಡಿಬಿ ಕಡಿಮೆ. 60 ಗಿಗಾಬಾಡ್ ಚಾನೆಲ್‌ಗೆ 2 ಡಿಬಿಎಂವರೆಗೆ ಕೊಡಲು ಜಾಗವಿದೆ; ನಾನು 0 ಹಿಡಿದದ್ದು ಎಚ್ಚರಿಕೆಗಾಗಿ. ರೌಟರಿನಲ್ಲೇ ಕೂರುವ ಪ್ಲಗ್‌ಗಳನ್ನು ಬಳಸುವ ಯೋಚನೆ ಇದ್ದರೆ ಔಟ್‌ಪುಟ್ 0 ಡಿಬಿಎಂ ಇರುವ ಜಾತಿಯನ್ನೇ ಕೇಳಿ. −10 ಡಿಬಿಎಂನವು ನೇರ ಒಂದು ಸ್ಪ್ಯಾನಿಗೆ ಸರಿ. ರೋಡಮ್‌ನ ಸೇರ್ಪಡೆ ನಷ್ಟ ದಾಟಿ ಹೋಗುವಷ್ಟರಲ್ಲಿ ಆಂಪ್ಲಿಫೈಯರ್ ಗದ್ದಲವೇ ಜೋರಾಗುತ್ತದೆ. ಅಂದಹಾಗೆ ಓಪನ್‌ಝಡ್‌ಆರ್ ಪ್ಲಸ್ ಜಾತಿಯ ಪ್ಲಗ್‌ಗಳು 100, 200, 300, 400 ನಾಲ್ಕನ್ನೂ ಹುಟ್ಟಿನಿಂದಲೇ ಬಲ್ಲವು, ಅವುಗಳಲ್ಲಿ ಫ್ಲೆಕ್ಸಿಬಲ್‌ಗೆ ಸಾಮಾನ್ಯವಾಗಿ ಬೇರೆ ಬೆಲೆಯಿಲ್ಲ. ಚೌಕಾಸಿಯಲ್ಲಿ ಇದನ್ನು ನೆನಪಿಸಿ.

ಎಷ್ಟೋ ಸಲ ಫಿಕ್ಸೆಡ್ ಕಾರ್ಡ್ ಎಂಬುದು ಲೈಸೆನ್ಸ್ ಬೀಗ ಹಾಕಿದ ಫ್ಲೆಕ್ಸಿಬಲ್ ಕಾರ್ಡೇ ಆಗಿರುತ್ತದೆ. ಹಾಗಿದ್ದರೆ ಒಪ್ಪಂದದಲ್ಲಿ ಮೂರು ಮಾತು ಇರಲಿ. ಬೀಗ ತೆಗೆಯುವ ದರ ಇಂದೇ ನಿಗದಿಯಾಗಲಿ, ಮೂರು ವರ್ಷದ ನಂತರ ನಿಮಗೆ ಬೇರೆ ಗತಿಯಿಲ್ಲದಾಗ ಅಲ್ಲ. ಲೈಸೆನ್ಸ್ ಕಾರ್ಡಿನ ಸೀರಿಯಲ್ ಸಂಖ್ಯೆಗಲ್ಲ, ಜಾಲಕ್ಕೆ ಸೇರಲಿ. ಇಲ್ಲವಾದರೆ ರಾತ್ರಿ ಎರಡಕ್ಕೆ ಹಾಕಿದ ಸ್ಪೇರ್ 100 ಜಿಯಲ್ಲೇ ನಿಂತಿರುತ್ತದೆ. ಕೆಳಗೆ ಇಳಿಯಲು, ಅಂದರೆ 200ರಿಂದ 100ಕ್ಕೆ, ಯಾವ ಲೈಸೆನ್ಸೂ ಬೇಡವೆಂದು ಬರೆಸಿ.

1 ಡಿಬಿ ಮಾರ್ಜಿನ್ ಎಂದರೆ ಕಣ್ಣು ಮುಚ್ಚಿ ಓಡಿಸುವುದಲ್ಲ. ಮೊದಲ ದಿನ ಎಲ್ಲ ಫ್ಲೆಕ್ಸಿಬಲ್ ಜೋಡಿಗಳನ್ನೂ ಲೆಕ್ಕಕ್ಕಿಂತ ಒಂದು ಮೆಟ್ಟಿಲು ಕೆಳಗೆ ಏಳಿಸಿ. ಮೊದಲ ತಿಂಗಳುಗಳಲ್ಲಿ ಟ್ರಾಫಿಕ್ ಹೇಗೂ ತುಂಬಿರುವುದಿಲ್ಲ. ದೋಷ ತಿದ್ದುವ ಮುಂಚಿನ ಬಿಟ್ ದೋಷ ಪ್ರಮಾಣವನ್ನು 15 ನಿಮಿಷಕ್ಕೊಮ್ಮೆ ಕಾರ್ಡಿನಿಂದಲೇ ಓದಿ ಕೂಡಿಡಿ, ಸಂಕೇತದ ಗುಣಮಟ್ಟವನ್ನು ಡಿಬಿಯಲ್ಲಿ ಹೇಳುವ ಕ್ಯೂ ಅಂಕಿಯಾಗಿ ಬದಲಿಸಿ. ಓಪನ್‌ಝಡ್‌ಆರ್ ಪ್ಲಸ್‌ನ ದೋಷ ತಿದ್ದುವ ಓಫೆಕ್ ಕೋಡ್ ನೂರಕ್ಕೆ 2 ದೋಷದವರೆಗೆ ತಿದ್ದುತ್ತದೆ, ಅದೇ ನಿಮ್ಮ ಪ್ರಪಾತದ ಅಂಚು. ಸರಾಸರಿ ನೋಡಬೇಡಿ, ಪ್ರತಿ ದಿನದ ಕನಿಷ್ಠ ಅಂಕಿ ನೋಡಿ. ಸ್ಪೆಕ್ಟ್ರಮ್ ವಿಶ್ಲೇಷಕ ತಂದು ಚಾನೆಲ್ ಪಕ್ಕದ ಗದ್ದಲ ಅಳೆಯುವ ಹಳೆಯ ವಿಧಾನ ಇಲ್ಲಿ ಮೋಸ ಮಾಡುತ್ತದೆ. ಚಾನೆಲ್‌ಗಳು ಒತ್ತಾಗಿವೆ, ರೋಡಮ್ ಫಿಲ್ಟರ್ ನಡುವಿನ ಗದ್ದಲವನ್ನು ಕತ್ತರಿಸಿರುತ್ತದೆ, ಸಿಕ್ಕುವ ಓಎಸ್‌ಎನ್‌ಆರ್ ನಿಜಕ್ಕಿಂತ ಚೆಂದ ಕಾಣುತ್ತದೆ.

ಇಳಿಸುವ ಮತ್ತು ಏರಿಸುವ ಗೆರೆ ಬೇರೆ ಬೇರೆ ಇರಬೇಕು. ಉಳಿದ ಮಾರ್ಜಿನ್ ಅರ್ಧ ಡಿಬಿಗಿಂತ ಕೆಳಗೆ ಹೋದರೆ ಯೋಜಿತ ಸಮಯದಲ್ಲಿ ಇಳಿಸಿ. ಮೇಲಿನ ವೇಗದ ಲೆಕ್ಕದಲ್ಲಿ ಒಂದೂವರೆ ಡಿಬಿ ನಾಲ್ಕು ವಾರ ಸತತ ಉಳಿದರೆ ಮಾತ್ರ ಏರಿಸಿ. ಗೆರೆಗೆ ಅಂಟಿಕೊಂಡಿರುವ ದಾರಿಗಳು ಈ ನಿಯಮದಲ್ಲಿ ಎಂದೂ ಏರದೆ ಇರಬಹುದು, ಮುಖ್ಯವಾಗಿ ತುಮಕೂರಿನ ಬಳಸು ದಾರಿ. ಅಲ್ಲಿ ಪವರ್ 1 ಡಿಬಿಎಂಗೆ ಏರಿಸಿ ಮೊದಲು ಜಾಗ ಮಾಡಿಕೊಳ್ಳಿ. ಬಳಸು ದಾರಿಯ ಅಳತೆಯನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಮ್ಮೆ ದಾಟಿಸದೆ 200 ಜಿ ಖಾಯಂ ಎಂದು ರೌಟರ್ ತಂಡಕ್ಕೆ ಮಾತು ಕೊಡಬೇಡಿ. ಮಂಗಳೂರು–ಹಾಸನ ನಡುವಿನ ಮೂರು ಸ್ಪ್ಯಾನ್‌ಗಳು ನಿಮ್ಮ ಐದು ಊರುಗಳಲ್ಲಿ ನಾಲ್ಕರ ಬಳಸು ದಾರಿಯಲ್ಲಿವೆ, ಐದನೆಯದಾದ ಮಂಗಳೂರಿಗೆ ಅವೇ ನೇರ ದಾರಿ.